ದುಶಾಂಬೆಗೆ ಹೋಗುವವರಿಗೆ

ತಜಿಕಿಸ್ತಾನಕ್ಕೆ ಹೋಗುವ ಯೋಚನೆ ನಿಮಗೇನಾದರೂ ಇದ್ದರೆ ಹೊರಡುವ ಮುಂಚೆ ನನ್ನನ್ನೊಂದು ಮಾತು ಕೇಳಿ. ನಾನು ಹೋಗಿಲ್ಲ, ಅದು ಬೇರೆ ವಿಷಯ. ಆದರೆ ಚಾರ್ಜರಿನ ಪಿನ್ನು ಎಂಥದಿರಬೇಕು ಎನ್ನುವುದರಿಂದ ಹಿಡಿದು ರೊಟ್ಟಿಯನ್ನು ಯಾವ ಮಗ್ಗುಲಾಗಿ ಇಡಬೇಕು ಎನ್ನುವವರೆಗೆ ಎಲ್ಲ ಹೇಳಬಲ್ಲೆ. ಹೋಗಿ ಬಂದವರಿಗಾದರೆ ತಾವು ನೋಡಿದ್ದಷ್ಟೇ ಗೊತ್ತಿರುತ್ತದೆ. ನಾನು ಇಡೀ ಪುಸ್ತಕ ಓದಿದ್ದೇನೆ.

ಪುಸ್ತಕ ಸಿಕ್ಕಿದ್ದು ಬೇಸ್‌ಮೆಂಟಿನಲ್ಲಿ. ಇಲ್ಲಿ ಕೆನಡಾದಲ್ಲಿ, ಥಾರ್ನ್‌ಕ್ಲಿಫ್ ಪಾರ್ಕಿನ ನಮ್ಮ ಕಟ್ಟಡದಲ್ಲಿ ಬಟ್ಟೆ ಒಗೆಯುವ ಯಂತ್ರಗಳೆಲ್ಲ ಅಲ್ಲೇ ಇವೆ. ಮೂಲೆಯಲ್ಲೊಂದು ಮುರುಕು ಶೆಲ್ಫು. ಮನೆ ಖಾಲಿ ಮಾಡುವವರು ತಮಗೆ ಬೇಡವಾದದ್ದನ್ನು ಅದರ ಮೇಲಿಟ್ಟು ಹೋಗುತ್ತಾರೆ: ಒಂದೇ ಕಾಲಿನ ಐಸ್ ಸ್ಕೇಟು, ಮುಚ್ಚಳವಿಲ್ಲದ ಪಾತ್ರೆ, ಯಾರದೋ ಮದುವೆಯ ಫೋಟೋ ಚೌಕಟ್ಟು. ಒಂದು ಶನಿವಾರ ಡ್ರೈಯರು ತಿರುಗುತ್ತಿರುವಾಗ ಕೈಗೆ ಸಿಕ್ಕಿದ್ದು ಈ ತೆಳ್ಳಗಿನ ಪ್ರವಾಸದ ಪುಸ್ತಕ. ರಟ್ಟು ಹೋಗಿತ್ತು. ಬಟ್ಟೆ ಒಣಗಲು ಐವತ್ತು ನಿಮಿಷ ಬೇಕು, ಫೋನು ಮೇಲೆ ಮನೆಯಲ್ಲಿ ಮರೆತಿದ್ದೆ. ಓದದೆ ಏನು ಮಾಡಲಿ?

ಓದಿದ್ದನ್ನು ಹೇಳುತ್ತೇನೆ, ಉಪಯೋಗಕ್ಕೆ ಬಂದೀತು. ತಜಿಕಿಸ್ತಾನಕ್ಕೆ ಸಮುದ್ರವಿಲ್ಲ. ಬಹುಪಾಲು ಬೆಟ್ಟ, ಆ ಬೆಟ್ಟಗಳ ಆಚೆ ಒಂದು ಕಡೆ ಚೀನಾ, ಇನ್ನೊಂದು ಕಡೆ ಅಫ್ಘಾನಿಸ್ತಾನ. ಆಡುವುದು ಫಾರಸಿ, ಬರೆಯುವುದು ರಷ್ಯನ್ನರ ಅಕ್ಷರದಲ್ಲಿ. ರಾಜಧಾನಿ ದುಶಾಂಬೆ. ಹಾಗೆಂದರೆ ಸೋಮವಾರ, ಒಂದಾನೊಂದು ಕಾಲದಲ್ಲಿ ಅಲ್ಲಿ ಸೋಮವಾರದ ಸಂತೆ ಕೂಡುತ್ತಿತ್ತಂತೆ. ಸಂತೆಯ ವಾರವನ್ನೇ ಊರಿಗೆ ಹೆಸರಿಟ್ಟು, ಆಮೇಲೆ ಅದನ್ನೇ ರಾಜಧಾನಿ ಮಾಡಿಕೊಂಡ ಜನರ ಮೇಲೆ ನನಗೆ ಅಲ್ಲಿಯೇ ಪ್ರೀತಿ ಹುಟ್ಟಿತು. ಪಾಮಿರ್ ಬೆಟ್ಟಗಳ ಕಡೆ ಹೋಗುವುದಾದರೆ ವೀಸಾದ ಜೊತೆ ಇನ್ನೊಂದು ಪರವಾನಗಿ ಬೇಕು. ಆ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಜುಲೈ ತಿಂಗಳಲ್ಲೂ ಸ್ವೆಟರು ಒಯ್ಯಿರಿ. ಎತ್ತರದಲ್ಲಿ ಉಸಿರು ಕಟ್ಟುತ್ತದೆ, ಒಂದೇ ದಿನದಲ್ಲಿ ಏರಿಬಿಡಬೇಡಿ. ಪಟ್ಟಣ ದಾಟಿದರೆ ಕಾರ್ಡು ನಡೆಯುವುದಿಲ್ಲ. ನೀರು ಕುದಿಸಿ ಕುಡಿಯಿರಿ. ಪ್ಲಗ್ಗಿಗೆ ಎರಡು ದುಂಡು ಪಿನ್ನು. ನಮ್ಮ ವಿಜಾಪುರದ ಮನೆಯ ಹಳೇ ಚಾರ್ಜರು ಅಲ್ಲಿ ಸಲೀಸಾಗಿ ಕೂಡುತ್ತದೆ, ಕೆನಡಾದ್ದು ಕೂಡುವುದಿಲ್ಲ. ಇದನ್ನು ಓದಿದಾಗ ನನಗಾದ ಸಂತೋಷಕ್ಕೆ ಏನು ಕಾರಣವೋ ಈಗಲೂ ತಿಳಿಯದು. ಆ ಚಾರ್ಜರು ನನ್ನ ಬಳಿ ಇಲ್ಲವೇ ಇಲ್ಲ.

ನನ್ನ ಪ್ರವಾಸಗಳೆಲ್ಲ ಹೀಗೇ. ರೆಕ್ಸ್‌ಡೇಲಿನಲ್ಲಿ ವಿಮಾನದ ಊಟ ಕಟ್ಟುವ ದೊಡ್ಡ ಅಡುಗೆಮನೆಯೊಂದರಲ್ಲಿ ನನ್ನ ಕೆಲಸ. ಟ್ರೇ ಮುಂದೆ ಬರುತ್ತದೆ, ನಾನು ಬನ್ನು, ಬೆಣ್ಣೆ, ಕಾಗದದಲ್ಲಿ ಸುತ್ತಿದ ಚಮಚ ಇಡುತ್ತೇನೆ, ಟ್ರೇ ಮುಂದೆ ಹೋಗುತ್ತದೆ. ನಾನಿಟ್ಟ ಬನ್ನು ಇಸ್ತಾಂಬುಲ್ಲು, ಫ್ರಾಂಕ್‌ಫರ್ಟು, ದಿಲ್ಲಿ ಎಲ್ಲ ಕಂಡಿದೆ. ನಾನು ಹನ್ನೊಂದು ವರ್ಷದಿಂದ ಎರಡು ಬಸ್ಸು ಬದಲಾಯಿಸಿ ಥಾರ್ನ್‌ಕ್ಲಿಫ್‌ನಿಂದ ರೆಕ್ಸ್‌ಡೇಲಿಗೆ, ರೆಕ್ಸ್‌ಡೇಲಿನಿಂದ ಥಾರ್ನ್‌ಕ್ಲಿಫ್‌ಗೆ. ಮೊದಲು ಅಣ್ಣನ ಸಂಸಾರದ ಜೊತೆ ಬಂದವಳು. ಅವರು ಕ್ಯಾಲ್ಗರಿಗೆ ಹೋದರು, ನಾನು ಉಳಿದೆ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳುವವರೂ ಈಗ ಕೇಳುವುದನ್ನು ಬಿಟ್ಟಿದ್ದಾರೆ. ಕೇಳುತ್ತಿದ್ದ ಕಾಲದಲ್ಲಿ ಸಿಟ್ಟು ಬರುತ್ತಿತ್ತು, ಈಗ ಯಾರಾದರೂ ಕೇಳಲಿ ಅನ್ನಿಸುತ್ತದೆ.

ಇರಲಿ, ಪುಸ್ತಕದ ಮಾತಿಗೆ ಬರುತ್ತೇನೆ. ಅದರಲ್ಲಿ ಅತಿಥಿಗಳ ನಡವಳಿಕೆ ಎಂದು ಒಂದು ಪುಟವಿತ್ತು. ಅದರ ಸಾರ ಇಷ್ಟು: ಯಾರಾದರೂ ಮನೆಗೆ ಕರೆದರೆ ಕೂಡಲೇ ಒಪ್ಪಬೇಡಿ. ಮೊದಲನೆಯ ಕರೆ ಬರೀ ಉಪಚಾರಕ್ಕಾಗಿ ಇರಬಹುದು. ಎರಡು ಸಲ ನಯವಾಗಿ ಬೇಡವೆನ್ನಿ. ಮೂರನೆಯ ಸಲವೂ ಕರೆದರೆ ಮನಸ್ಸಿನಿಂದ ಕರೆದರೆಂದು ತಿಳಿದು ಹೋಗಿ.

ಡ್ರೈಯರಿನ ಮುಂದೆ ಕೂತು ನಾನು ಒಬ್ಬಳೇ ನಕ್ಕೆ. ಇದು ನಮ್ಮ ಆಯಿಯ ಕಾನೂನು. ಆಯಿ ಎಂದರೆ ನನ್ನ ತಾಯಿಯ ತಾಯಿ. ನನಗೆ ಮಾತು ಕಲಿಸಿದವಳು ಅವಳು. ಮಾತಿಗಿಂತ ಹೆಚ್ಚಾಗಿ, ಯಾವಾಗ ಮಾತನ್ನು ನುಂಗಬೇಕು ಎನ್ನುವುದನ್ನು ಕಲಿಸಿದಳು. ವಿಜಾಪುರದಲ್ಲಿ ಯಾರ ಮನೆಗೇ ಅರಿಷಿಣ ಕುಂಕುಮಕ್ಕೆ ಹೋದರೂ ನನ್ನನ್ನು ಎಡಗಡೆಗೆ ಕೂರಿಸಿಕೊಳ್ಳುತ್ತಿದ್ದಳು. ಚಿವುಟಲು ಅನುಕೂಲ ಎಂದು.

"ತಗೋರಿ, ಶೇಂಗಾ ಉಂಡಿ ಮಾಡೀನಿ," ಎನ್ನುತ್ತಿದ್ದರು ಆ ಮನೆಯವರು.

"ಬ್ಯಾಡ್ರಿ ಯವ್ವಾ, ಈಗ ಉಂಡು ಬಂದೀವಿ," ಎನ್ನುತ್ತಿದ್ದಳು ಆಯಿ. ನಾವು ಉಂಡಿರುತ್ತಿರಲಿಲ್ಲ.

"ಕೂಸಿಗರೆ ಒಂದು ಕೊಡ್ತೀನ್ರಿ."

"ಅದರ ಹೊಟ್ಟಿ ಬರೋಬ್ಬರಿ ಇಲ್ಲರಿ." ನನ್ನ ಹೊಟ್ಟೆ ಬರೋಬ್ಬರಿ ಇರುತ್ತಿತ್ತು.

"ಅದ್ಹ್ಯಾಂಗ ಆಗತದ? ನನ್ನ ಮ್ಯಾಲ ಸಿಟ್ಟೇನು?" ಎಂದು ಆಕೆ ಕೈ ಹಿಡಿದ ಮೇಲೆಯೇ ಉಂಡಿ ನನ್ನ ಅಂಗೈಗೆ ಬರುತ್ತಿದ್ದುದು. ಒಮ್ಮೆ ನಾನು ಮೊದಲನೆಯ ಸಲಕ್ಕೇ ಕೈ ಚಾಚಿಬಿಟ್ಟೆ. ತೊಡೆಯ ಮೇಲೆ ಆ ಚಿವುಟಿನ ಗುರುತು ಎರಡು ದಿನ ಇತ್ತು. "ಹಸಗೊಂಡವರಂಗ ಮಾಡತಿ. ನಮ್ಮನಿ ಮರ್ಯಾದಿ ಉಂಡಿಗೆ ಮಾರಿದಿ," ಎಂದು ಆಯಿ ದಾರಿಯುದ್ದಕ್ಕೂ ಅಂದಳು. ಮುಂದೊಂದು ದಿನ ಬೇರೆ ಸೀಮೆಯಿಂದ ವರ್ಗವಾಗಿ ಬಂದ ಅಧಿಕಾರಿಯೊಬ್ಬರ ಹೆಂಡತಿ ಅವಲಕ್ಕಿ ತಗೊಳ್ತೀರಾ ಎಂದು ಕೇಳಿದರು. ಆಯಿ ಬ್ಯಾಡ್ರಿ ಅಂದಳು. ಅವರು ಸರಿ ಎಂದು ತಟ್ಟೆ ಒಳಗೆ ಒಯ್ದರು. ಆಯಿ ಕದದ ಕಡೆ ನೋಡುತ್ತ ಕೂತಳು, ತಟ್ಟೆ ತಿರುಗಿ ಬರಲಿಲ್ಲ. ಮನೆಗೆ ಬಂದು ಇಬ್ಬರೂ ತಣ್ಣನೆಯ ರೊಟ್ಟಿ ತಿಂದೆವು. "ಪಾಪ, ಅವರಿಗೆ ಕರಿಯೂದು ಗೊತ್ತಿಲ್ಲ," ಎಂದು ಆಯಿ ಮರುಗಿದಳು, ನಮ್ಮ ಹಸಿವೆಗಲ್ಲ, ಅವರ ತಿಳಿಗೇಡಿತನಕ್ಕೆ.

ಕೆನಡಾಕ್ಕೆ ಬಂದ ಹೊಸದರಲ್ಲಿ ನಾನೂ ಆಯಿಯ ಹಾಗೇ ಇದ್ದೆ. ಯುಗಾದಿಗೆ ಹೋಳಿಗೆ ಮಾಡಿ ಕೆಲಸಕ್ಕೆ ಒಯ್ದೆ. ಟ್ರೇ ಸಾಲಿನಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದ ಹೆಂಗಸು ಬೇಡವೆಂದಳು. ಎರಡನೆಯ ಸಲವೂ ಬೇಡವೆಂದಳು. ನಾನು ಖುಷಿಯಿಂದ ಮೂರನೆಯ ಸಲ ಅವಳ ಕೈ ಹಿಡಿದು ಹೋಳಿಗೆ ಇಟ್ಟೆ. ಊಟದ ವಿರಾಮದಲ್ಲಿ ಅವಳು ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು: ನನಗೆ ಸಕ್ಕರೆ ಕಾಯಿಲೆ, ನಾನು ಬೇಡವೆಂದರೆ ಬೇಡ, ಹೀಗೆ ಒತ್ತಾಯ ಮಾಡಿದರೆ ನನಗೆ ಕಷ್ಟವಾಗುತ್ತದೆ. ನಾನು ಭೂಮಿಗಿಳಿದುಹೋದೆ. ಆ ಸಂಜೆ ಮಿಲ್ಟನ್ನಿನ ಗಿರಿಜಾಗೆ ಫೋನು ಮಾಡಿ ಅತ್ತೆ. ಗಿರಿಜಾ ಹುಬ್ಬಳ್ಳಿಯವಳು, ಈ ದೇಶದಲ್ಲಿ ನನ್ನ ಕನ್ನಡವೆಲ್ಲ ಖರ್ಚಾಗುವುದು ಅವಳ ಕಿವಿಯಲ್ಲೇ.

"ಕಮಲಕ್ಕ, ಇಲ್ಲೆ ಒಮ್ಮೆ ಕೇಳು, ಸುಮ್ಮನಾಗು," ಅಂದಳು. "ನೋ ಅಂದ್ರ ನೋ. ಬೀಗರೂಟ ಅಲ್ಲ ಇದು, ವರ್ಕ್‌ಪ್ಲೇಸು."

ಅವತ್ತಿನಿಂದ ಯಾರನ್ನೇ ಆದರೂ ಒಮ್ಮೆ ಕೇಳಿ ಸುಮ್ಮನಾಗುವುದನ್ನು ಕಲಿತೆ. ಆದರೆ ನೋಡಿ, ಅರ್ಧ ಮಾತ್ರ ಕಲಿತೆ. ಕೇಳುವಾಗ ಕೆನಡಾದವಳಾದೆ, ಕರೆಸಿಕೊಳ್ಳುವಾಗ ವಿಜಾಪುರದವಳಾಗಿಯೇ ಉಳಿದೆ. ಯಾರು ಕರೆದರೂ ಬೇಡವೆನ್ನುತ್ತಿದ್ದೆ, ಅವರು ಇನ್ನೊಮ್ಮೆ ಕರೆಯುತ್ತಿರಲಿಲ್ಲ.

ಇನ್ನು ಮುನಿರಾ ಖೋಲಾ ಬಗ್ಗೆ ಹೇಳಬೇಕು. ಪುಸ್ತಕ ಸಿಕ್ಕುವುದಕ್ಕೆ ಎರಡು ವರ್ಷ ಮೊದಲು ನಮ್ಮ ಎದುರು ಬಾಗಿಲಿಗೆ ತಾಯಿ ಮಗಳು ಬಂದಿದ್ದರು. ಮಗಳು ನಿಗೋರಾ, ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಕೆಲಸ. ತಾಯಿ ಮುನಿರಾ, ಎಪ್ಪತ್ತರ ಆಸುಪಾಸು. ಖೋಲಾ ಎಂದರೆ ಅವರಲ್ಲಿ ಚಿಕ್ಕಮ್ಮ, ದೊಡ್ಡಮ್ಮ. ಊರು ದುಶಾಂಬೆ. ಅದು ಎಲ್ಲಿದೆ ಎಂದು ನನಗೆ ಆಗ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ನಾನು ನಾಲ್ಕು ಗಂಟೆಗೆ ಕೆಲಸ ಮುಗಿಸಿ ಬರುವಾಗ ಖೋಲಾ ಕಾರಿಡಾರಿನ ಕಿಟಕಿಯ ಹತ್ತಿರ ನಿಂತು ಕೆಳಗಿನ ಕಣಿವೆಯ ಮರಗಳನ್ನು ನೋಡುತ್ತಿರುತ್ತಿದ್ದರು. ಹೂವಿನ ತಲೆವಸ್ತ್ರ, ನಕ್ಕರೆ ಎರಡು ಚಿನ್ನದ ಹಲ್ಲು. ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ, ತಮ್ಮ ಬಾಗಿಲ ಕಡೆ ತೋರಿಸಿ, "ಚಾಯ್?" ಎನ್ನುತ್ತಿದ್ದರು.

ಹಳೆಯ ಹಿಂದಿ ಸಿನಿಮಾ ನೋಡಿ ನೋಡಿ ಅವರಿಗೆ ನಾಲ್ಕು ಹಿಂದಿ ಮಾತು ಬರುತ್ತಿದ್ದವು. ನನ್ನ ಹಿಂದಿ ಅದಕ್ಕಿಂತ ಒಂದೆರಡು ಮಾತು ಹೆಚ್ಚು.

"ನಹೀ ಖೋಲಾ, ಅಭೀ ಹುವಾ," ಎನ್ನುತ್ತಿದ್ದೆ. ಈಗ ಆತ್ರಿ ಎನ್ನುವುದರ ನನ್ನ ತರ್ಜುಮೆ.

"ಆವೋ, ಕಮಲಾ-ಜಾನ್."

"ನಹೀ, ನಹೀ. ಫಿರ್ ಕಭೀ."

ಅಲ್ಲಿಗೆ ಅವರು ಎದೆಯ ಮೇಲೆ ಕೈಯಿಟ್ಟು ಒಳಗೆ ಹೋಗುತ್ತಿದ್ದರು. ನಾನು ಬೀಗ ತೆಗೆದು, ಚಪ್ಪಲಿ ಬಿಟ್ಟು, ಒಬ್ಬಳಿಗೆ ಅಳತೆ ಮಾಡಿದ ನೀರು ಒಲೆಗಿಡುತ್ತಿದ್ದೆ. ಕೆಲವು ಸಲ ನಾನೇ ಕರೆಯುತ್ತಿದ್ದೆ, ಒಂದೇ ಸಲ. ಅವರು ಬೇಡವೆಂದು ತಲೆಯಾಡಿಸುತ್ತಿದ್ದರು, ಆದರೆ ಕೂಡಲೇ ಹೋಗುತ್ತಿರಲಿಲ್ಲ, ಒಂದು ಗಳಿಗೆ ಹಾಗೇ ನಿಲ್ಲುತ್ತಿದ್ದರು. ನಾನು ಗಿರಿಜಾ ಹೇಳಿದಂತೆ ಸುಮ್ಮನಾಗುತ್ತಿದ್ದೆ. ಎರಡು ವರ್ಷ ಹೀಗೆ ಕಳೆಯಿತು. ನಮ್ಮಿಬ್ಬರ ಬಾಗಿಲ ನಡುವೆ ಇದ್ದದ್ದು ಆರು ಹೆಜ್ಜೆ.

ಡ್ರೈಯರಿನ ಮುಂದೆ ನನ್ನ ನಗು ನಿಂತದ್ದು ಇದು ನೆನಪಾದಾಗ. ಆ ಗಳಿಗೆ ಅವರು ನಿಲ್ಲುತ್ತಿದ್ದುದು ಯಾಕೆ ಎಂದು ತಿಳಿದಾಗ.

ಮೇಲೆ ಹೋಗಲು ಲಿಫ್ಟಿಗೆ ಕಾಯುತ್ತಿದ್ದರೆ ನಿಗೋರಾ ಸಿಕ್ಕಳು. ನಮ್ಮ ಮೂರು ಲಿಫ್ಟುಗಳಲ್ಲಿ ಒಂದು ಸದಾ ಕೆಟ್ಟಿರುತ್ತದೆ, ಆದ್ದರಿಂದ ಮಾತಿಗೆ ಸಮಯ ಸಿಗುತ್ತದೆ. ಅಮ್ಮ ಇನ್ನು ಹತ್ತು ದಿನದಲ್ಲಿ ಊರಿಗೆ ಹೊರಡುತ್ತಾರೆ, ಮತ್ತೆ ಬರುವುದಿಲ್ಲ ಎಂದಳು.

"ಯಾಕೆ?" ಎಂದೆ.

"ಅವರಿಗೆ ಇಲ್ಲಿ ಯಾರೂ ಸಿಗಲಿಲ್ಲ, ಆಂಟಿ. ದಿನವಿಡೀ ಒಬ್ಬರೇ. ನಾನೇ ಹೇಳಿದ್ದೆ, ಅಮ್ಮ, ಇದು ಕೆನಡಾ, ಇಲ್ಲಿ ಜನರನ್ನು ಬಲವಂತ ಮಾಡಬಾರದು ಅಂತ."

ಅವಳಿಗೂ ಒಬ್ಬಳು ಗಿರಿಜಾ ಇದ್ದಿರಬೇಕು.

ಮನೆಗೆ ಬಂದು ಗಿರಿಜಾಗೇ ಫೋನು ಮಾಡಿದೆ. ಪುಸ್ತಕದ ಕತೆಯೆಲ್ಲ ಹೇಳಿದೆ.

"ಏನವಾ, ತಜಿಕಿಸ್ತಾನಕ್ಕ ಹೊಂಟಿ ಏನು? ಮಿಲ್ಟನ್ನಿಗೆ ಬಾ ಅಂದ್ರ ಟ್ರೇನ್ ಬದಲಿ ಮಾಡೂದಾಗ್ತದ ಅಂತಿ."

"ನಾ ಎಲ್ಲೂ ಹೊಂಟಿಲ್ಲ. ಆಕಿ ಹೊಂಟಾಳ."

"ಹಂಗಂದ್ರ ಹೋಗಿ ಬಾಗಲಾ ಬಡಿ," ಎಂದಳು. "ಮೂರು ಸಲ ಕರಿ. ನಾಕು ಸಲ ಕರಿ. ಪೋಲೀಸರನ್ನ ಕರಸಿದ್ರ ನನಗ ಫೋನ್ ಮಾಡು."

ಭಾನುವಾರ ಮಧ್ಯಾಹ್ನ ಹೋಗಿ ಬಾಗಿಲು ಬಡಿದೆ. ಅಷ್ಟು ಪುಕ್ಕಲು ನಾನು ಇಮಿಗ್ರೇಶನ್ ಕೌಂಟರಿನಲ್ಲೂ ಆಗಿರಲಿಲ್ಲ. ಖೋಲಾ ತೆರೆದರು. ಹಿಂದೆ ಬಾಯಿ ತೆರೆದುಕೊಂಡ ಎರಡು ಸೂಟ್‌ಕೇಸು.

"ಖೋಲಾ, ಚಾಯ್. ಮೇರಾ ಘರ್."

ತಲೆಯಾಡಿಸಿದರು. ಸೂಟ್‌ಕೇಸು ತೋರಿಸಿದರು.

"ಆವೋ, ಖೋಲಾ."

ಎದೆಯ ಮೇಲೆ ಕೈ. ರಹಮತ್, ರಹಮತ್ ಎಂದರು, ಧನ್ಯವಾದ ಎಂದು. ಆಮೇಲೆ ಅದೇ ಒಂದು ಗಳಿಗೆ ನಿಂತರು. ನಾನು ಕೈ ಹಿಡಿದೆ. ಹಿಂದಿ ಎಲ್ಲಿ ಹೋಯಿತೋ, ಬಾಯಲ್ಲಿ ವಿಜಾಪುರ ಬಂತು.

"ಅದ್ಹ್ಯಾಂಗ ಆಗತದ? ನನ್ನ ಮ್ಯಾಲ ಸಿಟ್ಟೇನು?"

ಅವರಿಗೆ ಕನ್ನಡದ ಒಂದಕ್ಷರ ತಿಳಿಯುವುದಿಲ್ಲ. ಹಿಡಿದ ಕೈಯನ್ನು ಒಮ್ಮೆ ನೋಡಿದರು. ಒಳಗೆ ಹೋಗಿ ಬೇರೆ ತಲೆವಸ್ತ್ರ ಕಟ್ಟಿಕೊಂಡು, ಬಟ್ಟೆಯಲ್ಲಿ ಸುತ್ತಿದ ದುಂಡನೆಯ ರೊಟ್ಟಿ, ಒಂದು ಹಿಡಿ ಒಣಗಿದ ಜರ್ದಾಳು ಹಣ್ಣು ತೆಗೆದುಕೊಂಡು ಬಂದರು.

ನಾನು ಬೆಳಗಿನಿಂದ ತಯಾರಿ ನಡೆಸಿದ್ದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಕೇಳಬೇಕಾದದ್ದೆಲ್ಲ ಪುಸ್ತಕ ಓದಿ ಮನಸ್ಸಿನಲ್ಲಿ ಬರೆದುಕೊಂಡಿದ್ದೆ: ಸೋಮವಾರದ ಸಂತೆ ಇನ್ನೂ ಕೂಡುತ್ತದೆಯೇ, ಬೆಟ್ಟದ ಮೇಲೆ ನಿಜವಾಗಿಯೂ ಉಸಿರು ಕಟ್ಟುತ್ತದೆಯೇ, ಅವರ ಅಂಗಳದಲ್ಲಿ ಹಿಪ್ಪುನೇರಳೆ ಮರ ಇದೆಯೇ. ಪುಸ್ತಕದಲ್ಲಿ ರೊಟ್ಟಿಯನ್ನು ಎಂದೂ ಬೋರಲು ಇಡಬಾರದು, ಅನ್ನಕ್ಕೆ ಅವಮಾನ ಎಂದಿತ್ತು. ಅವರು ತಂದ ರೊಟ್ಟಿಯನ್ನು ಜೋಪಾನವಾಗಿ ಮುಖ ಮೇಲಾಗಿಯೇ ಇಟ್ಟೆ. ನನ್ನ ಜೋಳದ ರೊಟ್ಟಿಯ ಮುಖ ಯಾವ ಕಡೆ ಎಂದು ಐವತ್ತಾರು ವರ್ಷದಲ್ಲಿ ನಾನು ಯೋಚಿಸಿರಲಿಲ್ಲ. ಖೋಲಾ ಅದನ್ನು ಎತ್ತಿ, ಎರಡೂ ಕಡೆ ನೋಡಿ, ಉಬ್ಬಿದ ಪೊರೆಯ ಕಡೆಯನ್ನು ಮೇಲೆ ಮಾಡಿ ಇಟ್ಟರು. ಇಬ್ಬರೂ ನಕ್ಕೆವು. ನನಗೆ ಎಷ್ಟು ಹಗುರವಾಯಿತೆಂದರೆ, ಊಟಕ್ಕೂ ಮೊದಲೇ ಚಹಾ ತಂದೆ.

ನಮ್ಮ ಕಡೆ ಚಹಾ ಕೊಡುವ ರೀತಿ ನಿಮಗೆ ಗೊತ್ತಲ್ಲ. ಶುಂಠಿ ಹಾಕಿ, ಹಾಲು ಹಾಕಿ, ಕಪ್ಪಿನ ಅಂಚಿಗೆ ಬಂದು ಕೆಳಗಿನ ಬಸಿಗೆ ನಾಲ್ಕು ಹನಿ ಚೆಲ್ಲುವಷ್ಟು. ಕಪ್ಪು ಕಡಿಮೆಯಾಗಿದ್ದರೆ ಆಯಿ ಅಡುಗೆಮನೆಗೆ ಬಂದು ಗದರುತ್ತಿದ್ದಳು: "ಅರ್ಧಾ ಕಪ್ ಕೊಟ್ರ ಎದ್ದು ಹೋಗ್ರಿ ಅಂದಂಗ." ನಾನು ಮನೆಯಲ್ಲಿದ್ದ ದೊಡ್ಡ ಕಪ್ಪನ್ನೇ ಹುಡುಕಿ ತುಂಬಿದೆ. ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ತಂದಿಟ್ಟೆ.

ಖೋಲಾ ಕಪ್ಪನ್ನು ನೋಡಿದರು. ನನ್ನನ್ನು ನೋಡಿದರು. ನಗು ಮುಖದ ಮೇಲೆ ಹಾಗೇ ಇತ್ತು, ಆದರೆ ಒಳಗಿನಿಂದ ಯಾರೋ ದೀಪ ತೆಗೆದುಕೊಂಡು ಹೋದಂತಿತ್ತು. ಬಿಸಿ ಬಿಸಿ ಚಹಾವನ್ನು ಊದಿ ಊದಿ ಗಬಗಬನೆ ಕುಡಿದರು. ಕಣ್ಣಲ್ಲಿ ನೀರು ಬಂತು. ಶುಂಠಿ ಹೆಚ್ಚಾಯಿತು ಎಂದುಕೊಂಡೆ. ಕಪ್ಪು ಕೆಳಗಿಟ್ಟು, ರೊಟ್ಟಿ ಮುರಿಯದೆಯೇ ಎದ್ದು, ಎದೆಯ ಮೇಲೆ ಕೈಯಿಟ್ಟರು.

"ಬೈಠೋ, ಖೋಲಾ," ಎಂದೆ. ಒಂದು ಸಲ.

ಅವರು ಬಾಗಿಲ ಕಡೆ ನಡೆದರು. ಪಾಪ, ಪ್ಯಾಕಿಂಗ್ ಇರುತ್ತದೆ ಎಂದುಕೊಂಡು ನಾನು ಸುಮ್ಮನಾದೆ. ಬಂದು ಹತ್ತು ನಿಮಿಷ ಆಗಿರಲಿಲ್ಲ. ಆ ಸಂಜೆ ನಾಲ್ಕು ರೊಟ್ಟಿಯನ್ನೂ ನಾನೇ ತಿಂದೆ. ಜರ್ದಾಳು ತಿನ್ನಲು ಮನಸ್ಸಾಗಲಿಲ್ಲ.

ಮುಂದಿನ ಮಂಗಳವಾರ ನಾನು ಕೆಲಸದಲ್ಲಿದ್ದಾಗ ಖೋಲಾ ಹೊರಟುಹೋದರು. ಅವರ ವಿಮಾನ ಇಸ್ತಾಂಬುಲ್ ಮೇಲೆ ಹೋಗುವುದೆಂದು ಗೊತ್ತಿತ್ತು. ಅವತ್ತು ಇಸ್ತಾಂಬುಲ್ ಟ್ರೇಗಳು ನಮ್ಮ ಸಾಲಿಗೆ ಬರಲಿಲ್ಲ.

ಅದರ ಮುಂದಿನ ಶನಿವಾರ ಬೆಳಿಗ್ಗೆ ಎಂಟಕ್ಕೆ, ಹತ್ತರ ಓವರ್‌ಟೈಮ್ ಶಿಫ್ಟಿಗೆ ಹೊರಟವಳಿಗೆ ಬಾಗಿಲಲ್ಲೇ ನಿಗೋರಾ ಸಿಕ್ಕಳು. ಅಮ್ಮ ಸುಖವಾಗಿ ತಲುಪಿದರಾ ಎಂದು ಕೇಳಿದೆ.

"ತಲುಪಿದರು, ಆಂಟಿ. ನಿಮ್ಮ ಬಗ್ಗೆ ಎಲ್ಲರಿಗೂ ಹೇಳುತ್ತಿದ್ದಾರೆ. ಒಳ್ಳೆಯ ಹೆಂಗಸು, ಪಾಪ ತುಂಬ ಅವಸರ ಇತ್ತು, ಆದರೂ ಕರೆದಳು, ಕಪ್ಪು ತುಂಬ ಚಹಾ ಕೊಟ್ಟು ಕಳಿಸಿದಳು ಅಂತ." ಅವಳು ನಗುತ್ತಿದ್ದಳು.

"ಅವಸರ? ಯಾರಿಗೆ?"

ಆಗ ಅವಳು ಹೇಳಿದಳು. ಅವರಲ್ಲಿ ಚಹಾ ಕೊಡುವುದು ಬಟ್ಟಲಿನ ತಳದಲ್ಲಿ ಎರಡು ಬೆರಳಷ್ಟು. ಮುಗಿದ ಹಾಗೆ ಮತ್ತೆ ಎರಡು ಬೆರಳು. ಕೂತಷ್ಟು ಹೊತ್ತೂ ಹೀಗೇ ಸುರಿಯುತ್ತಿರುತ್ತಾರೆ. ಬಟ್ಟಲು ತುಂಬಿಸಿ ಕೊಟ್ಟರೆ, ಕುಡಿದು ಹೊರಡಿ ಎಂದರ್ಥ.

ಪುಸ್ತಕದಲ್ಲಿ ಪ್ಲಗ್ಗಿನ ಪಿನ್ನು ಎಷ್ಟು ದಪ್ಪ ಎಂದಿತ್ತು. ಇದಿರಲಿಲ್ಲ.

ನಿಂತಲ್ಲೇ, ಸಿಕ್ಕ ಇಂಗ್ಲಿಷಿನಲ್ಲಿ, ನಮ್ಮೂರಲ್ಲಿ ಅದು ಹೇಗೆ, ಅರ್ಧ ಕಪ್ಪು ಎಂದರೆ ಏನು, ಆಯಿ ಯಾರು, ನಾನು ಬೆಳಗಿನಿಂದ ರೊಟ್ಟಿ ಬಡಿದದ್ದು, ಮೂರು ಪ್ರಶ್ನೆ ಇಟ್ಟುಕೊಂಡು ಕೂತದ್ದು ಎಲ್ಲ ಹೇಳಿದೆ. ನಿಗೋರಾ ನಗುವುದನ್ನು ನಿಲ್ಲಿಸಿದಳು. ನನ್ನನ್ನು ತಮ್ಮ ಅಡುಗೆಮನೆಗೆ ಕರೆದುಕೊಂಡು ಹೋಗಿ ಕೂರಿಸಿದಳು. ಎರಡು ವರ್ಷದಲ್ಲಿ ಆ ಮನೆಯ ಒಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಅಮ್ಮ ಇಲ್ಲೇ ಬಿಟ್ಟುಹೋದ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ವಿಡಿಯೋ ಕರೆ ಮಾಡಿದಳು.

ಅಲ್ಲಿ ಸಂಜೆ ಐದು. ಮರದ ಕೆಳಗೆ ದೊಡ್ಡ ಹಲಗೆಮಂಚ, ಅದರ ಮೇಲೆ ಏಳೆಂಟು ಹೆಂಗಸರು, ನಗು, ಗದ್ದಲ, ಯಾರದೋ ಕೂಸು ಅಳುತ್ತಿತ್ತು. ನಡುವೆ ಖೋಲಾ. ಇಲ್ಲಿ ಕಾರಿಡಾರಿನ ಕಿಟಕಿಗೆ ನಿಲ್ಲುತ್ತಿದ್ದ ಮುದುಕಿ ಇವರೇ ಎಂದು ಹೇಳಿದರೆ ನೀವು ನಂಬುತ್ತಿರಲಿಲ್ಲ. ಭುಜ ಅಗಲವಾಗಿತ್ತು. ಅವರ ಮೈಮೇಲೆ ಎರಡು ವರ್ಷ ಇದ್ದ ಒಂಟಿತನ ಈ ಊರಿನದಾಗಿತ್ತು, ಊರು ಬಿಟ್ಟೊಡನೆ ಬಿಟ್ಟುಹೋಗಿತ್ತು. ನನಗೆ ಸಂತೋಷವಾಯಿತು ಎಂದು ಬರೆಯಬೇಕು. ಆಯಿತು ಕೂಡ, ಸ್ವಲ್ಪ ತಡವಾಗಿ.

ನಿಗೋರಾ ಅವರ ಭಾಷೆಯಲ್ಲಿ ಬಹಳ ಹೊತ್ತು ಹೇಳಿದಳು. ಖೋಲಾ ಕೇಳಿದರು. ಗದ್ದಲ ಮಾಡುತ್ತಿದ್ದ ಹೆಂಗಸರಿಗೆ ಕೈ ಎತ್ತಿ ಸುಮ್ಮನಿರಲು ಹೇಳಿದರು. ಪೂರ್ತಿ ಕೇಳಿದ ಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಕೈ ತೆಗೆದಾಗ ಚಿನ್ನದ ಹಲ್ಲು ಕಾಣುತ್ತಿದ್ದವು. ಅವರೇನೋ ಅಂದರು.

"ಏನಂತೆ?" ಎಂದೆ.

"ನಾಲಿಗೆ ಮೂರು ದಿನ ಸುಟ್ಟಿತ್ತಂತೆ," ಎಂದಳು ನಿಗೋರಾ.

ಖೋಲಾ ಪಕ್ಕದ ಹೆಂಗಸನ್ನು ಸರಿಸಿ ಫೋನಿನ ಮುಂದೆ ಜಾಗ ಮಾಡಿದರು. ಒಂದು ನೀಲಿ ಬಟ್ಟಲು ಇಟ್ಟು ಕೆಟಲಿನಿಂದ ಚಹಾ ಸುರಿದರು. ಬಟ್ಟಲನ್ನು ವಾಲಿಸಿ ನನಗೆ ತೋರಿಸಿದರು: ಎರಡು ಬೆರಳು. ಅದನ್ನು ನನ್ನ ಎದುರಿಗೆ ಇಟ್ಟು ತಮ್ಮ ಬಟ್ಟಲು ಕೈಗೆತ್ತಿಕೊಂಡರು. ಮಾತು ಏನೂ ಹೆಚ್ಚು ಇರಲಿಲ್ಲ. ನಿಗೋರಾ ಒಳಗೆ ಹೋಗಿ ಬಟ್ಟೆ ಬದಲಿಸುತ್ತಿದ್ದಳು, ತರ್ಜುಮೆಗೆ ಯಾರೂ ಇರಲಿಲ್ಲ. ಹಿಪ್ಪುನೇರಳೆ ಮರವೇ ಎಂದು ನಾನು ಬೆರಳಿನಿಂದ ಮೇಲೆ ತೋರಿಸಿ ಕೇಳಿದೆ. ಅವರು ಹೌದೆಂದು ತಲೆಯಾಡಿಸಿದರು. ನನ್ನ ಬಟ್ಟಲಿನ ಹಬೆ ನಿಂತಿತು. ಖೋಲಾ ತಣ್ಣಗಾದ ಚಹಾವನ್ನು ಮರದ ಬುಡಕ್ಕೆ ಚೆಲ್ಲಿ, ಮತ್ತೆ ಎರಡು ಬೆರಳು ಸುರಿದು, ನನ್ನ ಎದುರಿಗಿಟ್ಟರು. ಅದೂ ತಣ್ಣಗಾಯಿತು. ಚೆಲ್ಲಿ, ಮತ್ತೆ ಸುರಿದರು. ಸುತ್ತಲಿನ ಯಾರೂ ಆ ಬಟ್ಟಲನ್ನು ಮುಟ್ಟಲಿಲ್ಲ.

ನಿಗೋರಾ ಚೀಲ ಹೆಗಲಿಗೆ ಹಾಕಿಕೊಂಡು ಬಂದಳು. "ಆಂಟಿ, ನೀವಾಗಿ ಏಳುವ ತನಕ ಅಮ್ಮ ಬಿಡುವುದಿಲ್ಲ," ಎಂದಳು. "ಹೋಗುವಾಗ ಬಾಗಿಲು ಎಳೆದುಕೊಂಡು ಹೋಗಿ."

ಕಿಟಕಿಯಿಂದ ಕೆಳಗೆ ನೋಡಿದರೆ ನನ್ನ ಬಸ್ಸು ನಿಲ್ದಾಣ ಬಿಟ್ಟು ಹೊರಟಿತ್ತು. ಹತ್ತು ನಿಮಿಷಕ್ಕೆ ಇನ್ನೊಂದಿದೆ ಎಂದು ಕೂತೆ. ಅದೂ ಹೋಯಿತು.